ಬೀಗ ಹಾಕಿದ ಮನೆ, ಕಾಯಬೇಕಾದ ತೋಟ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಅಮ್ಮನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದ ಮೇಲೆ ಊರಿನ ಮನೆ ತಿಂಗಳಲ್ಲಿ ಇಪ್ಪತ್ತೈದು ದಿನ ಬೀಗ ಹಾಕಿಯೇ ಇರುತ್ತದೆ, ಕ್ಯಾಮೆರಾ ಹಾಕಿಸಿದರೆ ಸಾಕೇ ಎಂದು ಕೇಳಿದ್ದೀಯ. ಸಾಲದು ಮಾರಾಯ. ಕ್ಯಾಮೆರಾ ಕೊನೆಗೆ ಬರಲಿ, ಮೊದಲು ಗಡಿ ನೋಡಿಕೋ.

ಯಾರೋ ತೋಟಕ್ಕೆ ನುಗ್ಗಿದ್ದಾರೆ ಎಂದು ಠಾಣೆಗೆ ಹೋದರೆ, ಅದು ನಿಮ್ಮ ಜಾಗ ಅನ್ನುವುದಕ್ಕೆ ಏನಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ ಇರುತ್ತದೆ. ಬೇಲಿ ಯಾವ ಮರದ ಪಕ್ಕದಲ್ಲಿ ಹೋಗಬೇಕು ಅಂತ ಇರುವುದಿಲ್ಲ. ಅದಕ್ಕೆ ಹದ್ದುಬಸ್ತು ಮಾಡಿಸಬೇಕು. ಅರ್ಜಿ ಹಾಕಿದರೆ ಅಕ್ಕಪಕ್ಕದವರಿಗೆ ನೋಟಿಸು ಹೋಗಿ, ಸರ್ವೆಯರ್ ಬಂದು ಅಳೆದು ಗಡಿ ತೋರಿಸಿ, ನಕ್ಷೆ ಕೊಡುತ್ತಾರೆ. ನಿಮ್ಮದು ಜಮ್ಮಾ ಹಿಡುವಳಿ, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಕುಟುಂಬಕ್ಕೆ ಬಂದ ಜಮೀನು, ಪಹಣಿಯಲ್ಲಿ ಕುಟುಂಬದವರ ಹೆಸರೆಲ್ಲ ಒಟ್ಟಿಗೆ ಇದೆ. ಪೋಡಿ ಆಗದ, ಅಂದರೆ ಪಾಲು ಅಳೆದು ಬೇರೆ ಮಾಡದ ಜಾಗದಲ್ಲಿ ಒಬ್ಬನೇ ಅರ್ಜಿ ಹಿಡಿದು ಹೋದರೆ ಕೆಲಸ ಮುಂದೆ ಹೋಗುವುದು ಕಷ್ಟ. ಮೊದಲು ಮನೆಯ ಹಿರಿಯರನ್ನು ಕೂರಿಸಿ ಮಾತಾಡು. ಫೋನಿನಲ್ಲಿರುವ ದಿಶಾಂಕ್ ಆ್ಯಪ್ ಸರ್ವೆ ನಂಬರು ತಿಳಿಯಲು ಒಳ್ಳೆಯದು, ಆದರೆ ಗಡಿ ತೀರ್ಮಾನಕ್ಕೆ ಅದನ್ನು ನೆಚ್ಚಬೇಡ. ಮರದ ನೆರಳಿನಡಿ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಅಷ್ಟು ಅಗಲದಲ್ಲಿ ಒಂದು ಸಾಲು ಕಾಫಿ ಗಿಡವೇ ಹೋಗಿಬಿಡುತ್ತದೆ.

ಗಡಿ ಕಲ್ಲು ನೆಡುವಾಗ ಗುಂಡಿಯ ಬುಡಕ್ಕೆ ಒಂದು ಬುಟ್ಟಿ ಇದ್ದಿಲು, ಒಡೆದ ಹಂಚಿನ ಚೂರು ಹಾಕಿಸು. ಇದ್ದಿಲು ಕೊಳೆಯುವುದಿಲ್ಲ. ಮೇಲಿನ ಕಲ್ಲನ್ನು ಯಾರಾದರೂ ಕಿತ್ತು ಆಚೆ ನೆಟ್ಟರೂ ಅಗೆದರೆ ಹಳೆಯ ಜಾಗ ಸಿಗುತ್ತದೆ. ಪ್ರತಿ ಕಲ್ಲನ್ನೂ ಹಿಂದಿನ ಮರವೋ ಬಂಡೆಯೋ ಕಾಣುವ ಹಾಗೆ ಫೋಟೊ ತೆಗೆದಿಡು. ವರ್ಷಕ್ಕೊಮ್ಮೆ, ಮಳೆ ಬಿಟ್ಟು ಕಾಡು ಕಡಿದ ಮೇಲೆ, ಪೂರ್ತಿ ಗಡಿ ನಡೆದು ಬಾ. ಊರಲ್ಲಿಲ್ಲದವರ ಬಾಣೆ (ಗದ್ದೆಗೆ ಸೇರಿದ ಮೇಲಿನ ಜಾಗ) ಒಂದೇ ದಿನ ಹೋಗುವುದಿಲ್ಲ, ಬೇಲಿ ವರ್ಷಕ್ಕೆ ಎರಡಡಿ ಸರಿಯುತ್ತದೆ. ಖಾಸಗಿ ಜಾಗವನ್ನು ಬೇರೆಯವರು 12 ವರ್ಷ ಬಹಿರಂಗವಾಗಿ, ತಮ್ಮದೇ ಎನ್ನುವಂತೆ ಅನುಭವಿಸಿದರೆ ಅದನ್ನು ಬಿಡಿಸಿಕೊಳ್ಳುವ ದಾವೆಗೆ ಕಾಲಮಿತಿ ಮುಗಿದುಹೋಗುತ್ತದೆ. ಬಲವಂತವಾಗಿ ಒಕ್ಕಲೆಬ್ಬಿಸಿದರೆ 6 ತಿಂಗಳೊಳಗೆ ಹಾಕುವ ದಾವೆಯಲ್ಲಿ ಹಕ್ಕುಪತ್ರದ ಚರ್ಚೆಯೇ ಬೇಡ, ಸ್ವಾಧೀನದಲ್ಲಿದ್ದೆ ಎಂದು ತೋರಿಸಿದರೆ ಸಾಕು. ತಡ ಮಾಡಿದಷ್ಟೂ ನಿನ್ನ ಕೆಲಸ ಕಷ್ಟ.

ಹಾಗೆಂದು ಎಲ್ಲ ದಾರಿಯನ್ನೂ ಮುಚ್ಚಿಬಿಡಬೇಡ. ಗ್ರಾಮ ನಕ್ಷೆಯಲ್ಲಿರುವ ದಾರಿಗೆ ಗೇಟು ಹಾಕುವಂತಿಲ್ಲ. 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಓಡಾಡಿದ ದಾರಿಗೂ ಕಾನೂನಿನ ರಕ್ಷಣೆ ಇದೆ. ಗದ್ದೆಗೆ, ದೇವರಕಾಡಿಗೆ ಹೋಗುವವರಿಗೆ ದಾರಿ ಬಿಟ್ಟು, ಅದರ ಎರಡೂ ಬದಿಗೆ ಬೇಲಿ ಹಾಕು. ಆ ದಾರಿಯಲ್ಲಿ ದಿನಾ ಓಡಾಡುವವರೇ ಹೊಸ ಮುಖ ಕಂಡರೆ ನಿನಗೆ ಫೋನ್ ಮಾಡುವವರು. ಆನೆ ದಾರಿಯೂ ಹಾಗೆಯೇ. ಅಲ್ಲಿ ಎಷ್ಟು ಗಟ್ಟಿ ಗೇಟು ಹಾಕಿದರೂ ಅದು ಒಂದೇ ರಾತ್ರಿಯ ಮಾತು.

ಈಗ ಓಣಿಯ ಗೇಟು. ಅದನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡು. ಬೀಗ ಹಾಗೇ ಇರುತ್ತದೆ, ಗೇಟು ಮಾತ್ರ ಹಿಂಜಿನ ಪಿನ್ನಿನಿಂದ ಕಳಚಿಕೊಂಡು ಬರುತ್ತದೆ. ನಮ್ಮ ಕಡೆ ಹೆಚ್ಚಿನ ಕಬ್ಬಿಣದ ಗೇಟುಗಳ ಕತೆ ಇದೇ. ಎರಡೂ ಪಿನ್ನುಗಳ ಮೂತಿ ಮೇಲ್ಮುಖವಾಗಿರುವುದೇ ಇದಕ್ಕೆ ಕಾರಣ. ಮೇಲಿನ ಪಿನ್ನನ್ನು ತಲೆಕೆಳಗಾಗಿ ಕೂರಿಸಿದರೆ, ಅಥವಾ ಪಿನ್ನಿನ ತುದಿಗೆ ದಪ್ಪ ವಾಷರ್ ಇಟ್ಟು ವೆಲ್ಡ್ ಮಾಡಿಸಿದರೆ ಗೇಟು ಏಳುವುದಿಲ್ಲ. ಚಿಲಕದ ಬೋಲ್ಟ್‌ಗಳ ನಟ್ಟು ಹೊರಗೆ ಕಾಣುತ್ತಿದ್ದರೆ ಒಂದು ಸ್ಪ್ಯಾನರ್ ಸಾಕು, ಬೀಗ ಒಡೆಯುವ ಕೆಲಸವೇ ಇಲ್ಲ. ನಟ್ಟು ಒಳಬದಿಗೆ ಬರಲಿ, ಅದಕ್ಕೂ ಒಂದು ಚುಕ್ಕೆ ವೆಲ್ಡ್ ಬೀಳಲಿ. ಬೀಗದ ಕೊಂಡಿ ಹೊರಗೆ ಉದ್ದಕ್ಕೆ ಕಂಡಷ್ಟೂ ಕಟ್ಟರ್ ಬಾಯಿಗೆ ಸುಲಭ. ಕೊಂಡಿ ಮುಚ್ಚಿಕೊಂಡಿರುವ ಬೀಗ ತಗೋ. ಮಳೆಗಾಲದ ಮುಂಚೆ ಅದರೊಳಗೆ ಗ್ರಾಫೈಟ್ ಪುಡಿ ಹಾಕು, ಇಲ್ಲವಾದರೆ ಆಗಸ್ಟಿನಲ್ಲಿ ನಿನ್ನ ಬೀಗ ನೀನೇ ಒಡೆಯಬೇಕಾಗುತ್ತದೆ.

ಮುಳ್ಳುತಂತಿಗೆ ಏಳಡಿ ಕಂಬವಾದರೆ ಎರಡಡಿ ಮಣ್ಣೊಳಗೆ, ಕಂಬದಿಂದ ಕಂಬಕ್ಕೆ ಎಂಟರಿಂದ ಹತ್ತಡಿ, ಐದು ಸಾಲು. ಮೂಲೆಯ ಕಂಬಗಳಿಗೆ ಎರಡೂ ದಿಕ್ಕಿಗೆ ಊರುಗಂಬ ಕೊಡದೆ ತಂತಿ ಎಳೆದರೆ ಮೊದಲ ಮಳೆಗೇ ಕಂಬ ಒಳಗೆ ವಾಲಿ ಎಲ್ಲ ಸಾಲೂ ಸಡಿಲ. ಬೇಸಿಗೆಯಲ್ಲೇ ನೆಟ್ಟು, ಮಣ್ಣನ್ನು ಅರ್ಧ ಅಡಿಗೊಮ್ಮೆ ಹಾರೆಯಿಂದ ಕುಟ್ಟಿಸು.

ಸೋಲಾರ್ ಬೇಲಿ ಹಾಕಿಸುವುದಾದರೆ ಐಎಸ್ (ಭಾರತೀಯ ಮಾನಕ) ಗುರುತಿರುವ ಎನರ್ಜೈಸರ್, ಅಂದರೆ ತಂತಿಗೆ ವಿದ್ಯುತ್ ಹೊಡೆತ ಕಳಿಸುವ ಪೆಟ್ಟಿಗೆ ಬೇಕು. ಅದು ಸೆಕೆಂಡಿಗೆ ಸುಮಾರು ಒಂದು ಸಲ, ಕ್ಷಣಾರ್ಧದ ಹೊಡೆತ ಕೊಡುತ್ತದೆ. ಮುಟ್ಟಿದವರು ಬೆಚ್ಚಿ ಕೈ ಬಿಡುತ್ತಾರೆ. ಮನೆಯ 230 ವೋಲ್ಟ್ ಲೈನನ್ನು ತಂತಿಗೆ ಕೊಡುವುದು ಬೇಲಿಯಲ್ಲ, ಕೊಲೆ. ಅದು ಸ್ನಾಯುಗಳನ್ನು ಬಿಗಿಹಿಡಿದು ಕೈ ಬಿಡಲು ಆಗದಂತೆ ಮಾಡುತ್ತದೆ. ಆನೆ ಸತ್ತರೂ, ಕೂಲಿಯವರ ಮಗು ಸತ್ತರೂ ಜೈಲು ನಿನಗೆ. ಸೋಲಾರ್ ಬೇಲಿ ಕೆಲಸ ಮಾಡುತ್ತಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರ ತೊಂದರೆ ಅರ್ಥಿಂಗ್. ಒಂದು ರಾಡು ಹೊಡೆದು ಬಿಟ್ಟಿರುತ್ತಾರೆ. ಒಂದೂವರೆ ಎರಡು ಮೀಟರ್ ಉದ್ದದ ಮೂರು ರಾಡು, ಮೂರು ಮೀಟರ್ ಅಂತರದಲ್ಲಿ ಬೇಕು. ಮಾರ್ಚಿನಲ್ಲಿ ಮಣ್ಣು ಒಣಗಿದಾಗ ರಾಡಿನ ಬುಡಕ್ಕೆ ನೀರು ಹಾಕಬೇಕು. ಮಳೆಗಾಲದಲ್ಲಿ ತಂತಿಗೆ ತಾಗುವ ಹುಲ್ಲು, ಬಳ್ಳಿ ಎಲ್ಲ ಶಕ್ತಿಯನ್ನೂ ನೆಲಕ್ಕಿಳಿಸುತ್ತವೆ. ಹುಲ್ಲು ಸವರಲು ಆಳಿಲ್ಲದಿದ್ದರೆ ಈ ಬೇಲಿಗೆ ದುಡ್ಡು ಹಾಕಬೇಡ. ಹಾಕಿದರೆ, ರಸ್ತೆ ಬದಿಯಲ್ಲಿ ಎಚ್ಚರಿಕೆಯ ಬೋರ್ಡು ಇರಲೇಬೇಕು.

ಕಳವು ಹೆಚ್ಚು ಆಗುವುದು ಕುಯ್ಲಿನ ಹೊತ್ತಿನಲ್ಲಿ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಮೊದಲು ಕಣದ ಕಾಫಿ, ಆಮೇಲೆ ಬಳ್ಳಿಯಲ್ಲಿರುವ ಮೆಣಸು. ಸಂಜೆ ಕಾಫಿ ರಾಶಿ ಮಾಡಿದ ಮೇಲೆ ಟಾರ್ಪಾಲು ಹೊದಿಸುವ ಮುಂಚೆ ರಾಶಿಯ ಸುತ್ತ ಬೂದಿಯ ಗೆರೆ ಎಳೆಯಲು ಹೇಳು. ಇದು ಹಳೆಯ ಪದ್ಧತಿ. ಒಂದು ಬುಟ್ಟಿ ತೆಗೆದರೂ ಮೇಲಿನ ಕಾಯಿ ಜಾರಿ ಗೆರೆ ಮುರಿಯುತ್ತದೆ. ಬೆಳಿಗ್ಗೆ ಕಣಕ್ಕೆ ಮೊದಲು ಹೋದವರಿಗೇ ಗೊತ್ತಾಗುತ್ತದೆ. ಗೆರೆಯಿಲ್ಲದ ರಾಶಿಯಲ್ಲಿ ಕಳವಾದದ್ದು ತಿಳಿಯುವುದು ಚೀಲ ತೂಗುವಾಗ. ಆಗ ಯಾವ ರಾತ್ರಿ ಹೋಯಿತು ಅಂತಲೂ ಹೇಳಲಾಗದು, ಸುಮ್ಮನೆ ಎಲ್ಲರ ಮೇಲೂ ಅನುಮಾನ.

ಮೆಣಸು ಕುಯ್ಯುವ ಏಣಿಗಳನ್ನು ಸರಪಳಿಯಲ್ಲಿ ಬಿಗಿದು ಬೀಗ ಹಾಕಿಸು. ಹೊರಗೆ ಒರಗಿಸಿಟ್ಟ ಏಣಿ ಬಳ್ಳಿಗೂ ಹತ್ತಿಸುತ್ತದೆ, ನಿನ್ನ ಮನೆಯ ಮಾಡಿಗೂ ಹತ್ತಿಸುತ್ತದೆ. ಮಂಗಳೂರು ಹಂಚಿನ ಮನೆಗೆ ಬಾಗಿಲು ಒಡೆದು ನುಗ್ಗಬೇಕಿಲ್ಲ, ನಾಲ್ಕೈದು ಹಂಚು ಸರಿಸಿದರೆ ಆಯಿತು. ಹಂಚು ಇಳಿಸಿ ಕೈಯಾಡಿಸುವ ವರ್ಷ ರೀಪಿನ ಕೆಳಗೆ ವೆಲ್ಡ್ ಮೆಷ್ ಹೊಡೆಸು, ಕಡೇ ಪಕ್ಷ ಹಿತ್ತಲ ಬದಿಗೆ. ಪಂಪು, ಮರ ಕೊಯ್ಯುವ ಮಿಷನ್ನು, ಸ್ಪ್ರಿಂಕ್ಲರ್ ಪೈಪುಗಳ ಮೇಲೆ ಪಂಚಿನಿಂದ ಗುರುತು ಹೊಡೆಸಿ ನಂಬರು ಬರೆದಿಡು. ಗುಜರಿಯಲ್ಲಿ ಸಿಕ್ಕಾಗ ನಿನ್ನದೆಂದು ತೋರಿಸಲು ಬೇರೆ ದಾರಿಯಿಲ್ಲ.

ಕ್ಯಾಮೆರಾ ಬೇಕಾದರೆ ಸಿಮ್ ಇರುವುದನ್ನು ಹಾಕು, ಮೊದಲು ಆ ಜಾಗದಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೆ ನೋಡಿಕೋ. ಜೂನ್‌ನಿಂದ ಆಗಸ್ಟ್‌ವರೆಗೆ ಸಣ್ಣ ಸೋಲಾರ್ ಪ್ಯಾನೆಲ್ ಚಾರ್ಜ್ ಆಗುವುದೇ ಇಲ್ಲ, ಕರೆಂಟೂ ದಿನಗಟ್ಟಲೆ ಇರುವುದಿಲ್ಲ. ಮಂಜು ಮುಸುಕಿದ ರಾತ್ರಿ ಕ್ಯಾಮೆರಾದ ಬೆಳಕೇ ವಾಪಸು ಹೊಡೆದು ಚಿತ್ರವೆಲ್ಲ ಬಿಳಿ. ಲೈನ್ ಮನೆಯ (ತೋಟದ ಕೂಲಿಯವರ ಸಾಲು ಮನೆ) ಬಚ್ಚಲಿನ ಕಡೆಗೆ ಕ್ಯಾಮೆರಾ ತಿರುಗಿರಲೇಬಾರದು.

ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡ, ಚಿರತೆಗೆ ಆಹಾರ. ಲೈನ್ ಮನೆಗೆ ಹೊಸಬರು ಬಂದರೆ ಆಧಾರ್ ಪ್ರತಿ, ಫೋಟೊ, ಮೇಸ್ತ್ರಿಯ ನಂಬರು ಇಟ್ಟುಕೊಂಡು ಒಂದು ಪ್ರತಿ ಠಾಣೆಗೆ ಕೊಡು. ಆದರೆ ದೂರದಿಂದ ಬಂದವರು ಎಂಬ ಒಂದೇ ಕಾರಣಕ್ಕೆ ಅವರನ್ನು ಕಳ್ಳರಂತೆ ನೋಡಬೇಡ. ನೀನಿಲ್ಲದಾಗ ನಿನ್ನ ಮನೆಯ ಹತ್ತಿರ ದೀಪ ಹಚ್ಚುವವರು ಅವರೊಬ್ಬರೇ.

ಯಾರಾದರೂ ಒಳಗೆ ಸಿಕ್ಕರೆ ಒಬ್ಬನೇ ಹತ್ತಿರ ಹೋಗಬೇಡ. ದೂರದಿಂದ ಗಟ್ಟಿಯಾಗಿ ಕೂಗಿ, ಹೊರಗೆ ಹೋಗಲು ಹೇಳು. ಗಾಡಿ ನಂಬರಿನ ಫೋಟೊ ತೆಗೆ. 112ಕ್ಕೆ ಫೋನ್ ಮಾಡು. ಜಲಪಾತ ಹುಡುಕಿಕೊಂಡು ಬಂದ ಪ್ರವಾಸಿಗರಾದರೆ ಅಷ್ಟರಲ್ಲೇ ಮುಗಿಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ, ಮನೆಯೊಳಗೆ ನುಗ್ಗಿದರೆ 1 ವರ್ಷದವರೆಗೆ ಶಿಕ್ಷೆ ಇದೆ. ಬರೀ ತೋಟಕ್ಕೆ ನುಗ್ಗಿದವನನ್ನು ಮರಕ್ಕೆ ಕಟ್ಟಿಹಾಕಿದರೆ ಕೇಸು ನಿನ್ನ ಮೇಲೆ ತಿರುಗುತ್ತದೆ.

ಕೋವಿಯ ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಆ ವಿನಾಯಿತಿ ಇರುವುದು ಲೈಸೆನ್ಸಿಗೆ, ಗುಂಡು ಹಾರಿಸುವುದಕ್ಕಲ್ಲ. ಮೆಣಸು ಕದ್ದು ಓಡುವವನ ಬೆನ್ನಿಗೆ ಹೊಡೆದರೆ ಅದನ್ನು ಯಾವ ಕೋರ್ಟೂ ಆತ್ಮರಕ್ಷಣೆ ಅನ್ನುವುದಿಲ್ಲ. ಮನೆ ಬೀಗ ಹಾಕಿರುವ ಇಪ್ಪತ್ತೈದು ದಿನ ಆ ಕೋವಿ ಗೋಡೆಯ ಮೇಲೆ ಇರಲೇಬಾರದು. ನುಗ್ಗಿದವನ ಕೈಗೆ ಮೊದಲು ಸಿಗುವುದು ಅದೇ. ಯಾರ ಹತ್ತಿರ ಇಡುವುದಕ್ಕೆ ಕಾನೂನಿನ ಒಪ್ಪಿಗೆ ಇದೆ ಎಂದು ಠಾಣೆಯಲ್ಲಿ ಕೇಳಿ, ಬರವಣಿಗೆಯಲ್ಲಿ ಮಾಡು.

ಪುತ್ತರಿ ಸುಗ್ಗಿ ಹಬ್ಬಕ್ಕೆ ಬರುತ್ತೀಯಲ್ಲ, ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಬಾ. ಕತ್ತಿ, ಟೇಪು ಇಲ್ಲಿದೆ. ನೀನು ಪಹಣಿ, ಹಳೆಯ ಸರ್ವೆ ಸ್ಕೆಚ್ಚು ಇರುವ ಅಪ್ಪನ ಆ ಫೈಲು ತಾ. ಹೊಳೆಯ ಬದಿಯ ಕಲ್ಲಿನಿಂದ ನಡೆಯಲು ಶುರು ಮಾಡೋಣ.

ನಿನ್ನ ಗೆಳೆಯ