ಕಲೆಯ ತತ್ವಶಾಸ್ತ್ರ ಓದಲು ಹೊರಟವಳಿಗೆ

ಚಿ. ಅನಘಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪಿಎಚ್.ಡಿ.ಗೆ ಕಲೆಯ ತತ್ವಶಾಸ್ತ್ರವನ್ನೇ ಹಿಡಿಯುತ್ತೇನೆ ಅಂತ ಬರೆದಿದ್ದೀಯ. ಹಿಡಿ, ಬೇಡ ಅನ್ನುವುದಿಲ್ಲ. ಆದರೆ ಅದೊಂದನ್ನೇ ನೆಚ್ಚಿ ಕೂರಬೇಡ. ಕಲೆ, ಸೌಂದರ್ಯಗಳ ತತ್ವವಿಚಾರವಾದ ಸೌಂದರ್ಯಮೀಮಾಂಸೆ ಬಲ್ಲವರೇ ಬೇಕೆಂದು ತತ್ವಶಾಸ್ತ್ರ ವಿಭಾಗಗಳು ಕೆಲಸಕ್ಕೆ ಕರೆಯುವುದು ಅಪರೂಪ. ತರ್ಕವೋ ನೀತಿಶಾಸ್ತ್ರವೋ, ಒಂದು ಸೆಮಿಸ್ಟರ್ ಪೂರ್ತಿ ಪಾಠ ಹೇಳುವಷ್ಟು ಕಲಿತಿಟ್ಟುಕೋ.

ಅಮೆರಿಕದ ತತ್ವಜ್ಞಾನಿ ಆರ್ಥರ್ ಡ್ಯಾಂಟೊ ನಡೆದ ದಾರಿ ನೋಡು. 1924ರಲ್ಲಿ ಮಿಶಿಗನ್‌ನಲ್ಲಿ ಹುಟ್ಟಿದವರು. ಮರದ ಅಚ್ಚಿನಲ್ಲಿ ಚಿತ್ರ ಮಾಡುತ್ತ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದರು. 1965ರಲ್ಲಿ ಬಂದ ಅವರ ಎರಡು ಪುಸ್ತಕಗಳಲ್ಲಿ ಒಂದು ಇತಿಹಾಸದ ತತ್ವಶಾಸ್ತ್ರದ ಮೇಲೆ, ಇನ್ನೊಂದು ಜರ್ಮನ್ ತತ್ವಜ್ಞಾನಿ ನೀಚೆಯ ಮೇಲೆ. ಕಲೆಯ ಬಗೆಗಿನ ದೊಡ್ಡ ಪುಸ್ತಕ 1981ರವರೆಗೆ ಕಾಯಿತು. 1984ರಿಂದ ‘ದಿ ನೇಷನ್’ ಪತ್ರಿಕೆಗೆ ಕಲಾವಿಮರ್ಶೆಯನ್ನೂ ಬರೆದರು.

1981ರ ಆ ಪುಸ್ತಕದ ಬೀಜ ಬಿದ್ದದ್ದು 1964ರ ಏಪ್ರಿಲ್‌ನಲ್ಲಿ. ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯಲ್ಲಿ ಕಲಾವಿದ ಆಂಡಿ ವಾರ್ಹಾಲ್ ‘ಬ್ರಿಲೋ’ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಬ್ರಿಲೋ ಎಂದರೆ ಪಾತ್ರೆ ಉಜ್ಜುವ ಸೋಪಿನ ಪ್ಯಾಡು. ಅಂಗಡಿಯ ಪೆಟ್ಟಿಗೆ ರಟ್ಟಿನದು. ವಾರ್ಹಾಲ್ ಅವರದು ಪ್ಲೈವುಡ್ಡಿನದು, ಮೇಲೆ ಸಿಲ್ಕ್‌ಸ್ಕ್ರೀನ್ ಅಚ್ಚು. ನೋಟಕ್ಕೆ ಎರಡೂ ಒಂದೇ. ಹಾಗಾದರೆ ಇದು ಕಲೆ, ಅದು ಬರೀ ಪೆಟ್ಟಿಗೆ ಹೇಗೆ? ಕಲಾವಿದ ಮಾಡಿದ್ದಕ್ಕೆ ಕಲೆ ಅಂದೆಯೋ, ಸಿಕ್ಕಿಬಿದ್ದೆ: ರಟ್ಟಿನ ಪೆಟ್ಟಿಗೆಯ ವಿನ್ಯಾಸ ಮಾಡಿದ ಜೇಮ್ಸ್ ಹಾರ್ವಿಯೂ ವರ್ಣಚಿತ್ರಕಾರರೇ! ಅದೇ ವರ್ಷದ ಲೇಖನದಲ್ಲಿ ಡ್ಯಾಂಟೊ ಕೊಟ್ಟ ಉತ್ತರ: ವ್ಯತ್ಯಾಸ ಕಣ್ಣಿಗೆ ಬೀಳುವಂಥದ್ದಲ್ಲ, ಕಲೆಯ ಚರಿತ್ರೆ ಮತ್ತು ಸಿದ್ಧಾಂತಗಳ ಹಿನ್ನೆಲೆಯಲ್ಲಿದೆ. ಆ ಹಿನ್ನೆಲೆಯನ್ನು ಅವರು ‘ಕಲಾಲೋಕ’ ಎಂದರು. ಸಂಸ್ಥೆಗಳ ಮಾನ್ಯತೆಯಿಂದ ಕಲೆ ಆಗುತ್ತದೆಂಬ ವಾದ ಇನ್ನೊಬ್ಬ ತತ್ವಜ್ಞಾನಿ ಜಾರ್ಜ್ ಡಿಕಿಯವರದು. ಇವೆರಡನ್ನೂ ಕಲಸಿ ಬರೆಯುವವರು ಬಹಳ. ನೀನು ಹಾಗೆ ಮಾಡಬೇಡ.

ಲೇಖನ ಬರೆಯುವಾಗ ಒಂದೇ ಕೃತಿ ಆರಿಸಿಕೋ. ಆದಷ್ಟೂ ಎದುರು ನಿಂತು ನೋಡು. ಫೋಟೋದಲ್ಲಿ ಅಳತೆಯೂ ಮೈಯ ಒರಟುತನವೂ ತಪ್ಪಿಹೋಗುತ್ತವೆ. ಯಾವುದರಿಂದ ಮಾಡಿದ್ದು, ಎಷ್ಟು ದೊಡ್ಡದು, ಎಲ್ಲಿ ಯಾವಾಗ ತೋರಿಸಿದ್ದು, ಇಷ್ಟನ್ನು ಒಂದು ಪುಟ ಬರೆದ ಮೇಲೆ ಸಿದ್ಧಾಂತ ತೆಗೆ. ಕರಡು ಮುಗಿದಾಗ ಆ ಕೃತಿಯ ಮಾತನ್ನೆಲ್ಲ ಹೊಡೆದುಹಾಕಿ ಓದು. ವಾದ ಅಲುಗಾಡದೆ ನಿಂತರೆ ಉದಾಹರಣೆ ಬರೀ ಒಡವೆ ಅಂತ ಲೆಕ್ಕ. ಜರ್ನಲ್‌ನ ಬಲ್ಲ ಪರಿಶೀಲಕರು ಅಲ್ಲೇ ಹಿಡಿಯುತ್ತಾರೆ. ಒಂದೇ ಲೇಖನವನ್ನು ಎರಡು ಜರ್ನಲ್‌ಗಳಿಗೆ ಒಟ್ಟಿಗೆ ಕಳಿಸಬೇಡ. ಉತ್ತರಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಅಷ್ಟರಲ್ಲಿ ಇನ್ನೊಂದು ಶುರುಮಾಡು.

ನಮ್ಮ ಮೈಸೂರಿನ ತತ್ವಶಾಸ್ತ್ರ ವಿದ್ವಾಂಸ ಎಂ. ಹಿರಿಯಣ್ಣನವರನ್ನೂ ಓದು. ಕಲಾನುಭವ ಮೋಕ್ಷಕ್ಕೆ ಹತ್ತಿರ, ಆದರೆ ತಾತ್ಕಾಲಿಕ ಎಂದವರು ಅವರು. ಅವರ ಪ್ರಶ್ನೆ ಕಲೆಯನ್ನು ಸವಿಯುವ ಸಹೃದಯನೊಳಗೆ ಏನಾಗುತ್ತದೆ ಎಂಬುದು. ಡ್ಯಾಂಟೊ ಅವರದು ವಸ್ತು ಯಾವುದರಿಂದ ಕಲೆ ಎಂಬುದು. ಒಂದೇ ಅಧ್ಯಾಯಕ್ಕೆ ಇಬ್ಬರನ್ನೂ ತುರುಕಿದರೆ ಇಬ್ಬರಿಗೂ ಅನ್ಯಾಯ.

ಅರ್ಜಿಯ ಜೊತೆ ಇಡುವ ಬರಹದ ಮಾದರಿಯನ್ನು ಮೊದಲು ನನಗೆ ಕಳಿಸು.

ಇತಿ,
ನಿನ್ನ ದೊಡ್ಡಪ್ಪ