35 ಅಂತ ಬರೆದ ಒಂಬತ್ತು ಮಕ್ಕಳು

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಾಲ್ಕನೇ ತರಗತಿಯ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ನಡೆಸುವ ಕಿರುಪರೀಕ್ಷೆಯ) ಉತ್ತರಗಳನ್ನು ತಿದ್ದುತ್ತಿದ್ದೆ. 42ರಲ್ಲಿ 17 ಕಳೆಯಿರಿ ಅಂತ ಒಂದು ಲೆಕ್ಕ. 23 ಮಕ್ಕಳಲ್ಲಿ ಒಂಬತ್ತು ಮಂದಿಯ ಉತ್ತರ 35. ಒಬ್ಬಿಬ್ಬರು ಬರೆದಿದ್ದರೆ ಕಣ್ತಪ್ಪು ಅಂತ ಬಿಡುತ್ತಿದ್ದೆ. ಒಂಬತ್ತು ಮಂದಿಗೂ ಅದೇ ಉತ್ತರ ಬಂದಿದೆ ಅಂದರೆ ಅವರೇ ಒಂದು ನಿಯಮ ಮಾಡಿಕೊಂಡಿದ್ದಾರೆ: ಮೇಲಿರಲಿ, ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆದುಬಿಡು. 7ರಲ್ಲಿ 2 ಹೋದರೆ 5, 4ರಲ್ಲಿ 1 ಹೋದರೆ 3. ಮರುದಿನ ಮುಂದಿನ ಪಾಠ ಪಕ್ಕಕ್ಕಿಟ್ಟು ಕಡ್ಡಿಗಳ ಕಟ್ಟು ಹಿಡಿದು ಕೂತೆವು. ಎರಡೇ ಬಿಡಿ ಕಡ್ಡಿ ಇಟ್ಟುಕೊಂಡು ಏಳು ಕೊಡೋದು ಹೇಗೆ? ಹತ್ತರ ಕಟ್ಟು ಬಿಚ್ಚಲೇಬೇಕು ಅಂತ ಮಕ್ಕಳೇ ಹೇಳಿದರು.

ಆಮೇಲೆ ಅಂಕಗಳನ್ನು ಶಿಕ್ಷಣ ಇಲಾಖೆಯ ಪೋರ್ಟಲ್‌ಗೆ ತುಂಬಿದೆ. ಶಾಲೆ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ನಮಗೆ ಸಿಗ್ನಲ್. ಅಲ್ಲಿ ಕೇಳಿದ್ದು ಒಟ್ಟು ಅಂಕ. ಆ 35ಕ್ಕೆ ಜಾಗವೇ ಇಲ್ಲ! ಮೇಲಿನವರಿಗೆ ನನ್ನ ತರಗತಿ ಒಂದು ಸರಾಸರಿ, ಅಷ್ಟೇ.

ತಂತ್ರಜ್ಞಾನ ಬೇಡ ಅಂತ ನಾನು ಹೇಳುತ್ತಿಲ್ಲ. ರಾಜ್ಯದಲ್ಲಿ ಶಾಲೆಗೆ ಬರುವ ಪ್ರತಿ ಮಗುವಿಗೂ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ ಇದೆ. ಕೇಂದ್ರದ ಶಾಲಾ ಮಾಹಿತಿ ಜಾಲವಾದ ಯುಡೈಸ್ ಪ್ಲಸ್‌ನಲ್ಲೂ ಅದೇ ಮಗುವಿನ ವಿವರ ಇದೆ. ಕೂಡಿಸಿಡುವ ಕೆಲಸ ಜಾಸ್ತಿಯೇ ನಡೆದಿದೆ. ಆದರೆ ನಾಳೆ ಬೆಳಗ್ಗೆ ಏನು ಕಲಿಸಬೇಕು ಅನ್ನುವುದಕ್ಕೆ ಅದರಿಂದ ನಮಗೆ ಏನು ಸಿಗುತ್ತದೆ, ಅದನ್ನು ಕೇಳುತ್ತಿದ್ದೇನೆ.

ಇದೇನು ಹೊಸ ವಿಚಾರವೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯನ್ನೇ ನೋಡಿ, ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುವ ಪದ್ಧತಿ ಅದು. ಗೋಡೆಯ ಮೇಲೆ ಕಲಿಕಾ ಏಣಿ, ಪಕ್ಕದಲ್ಲಿ ಪ್ರಗತಿ ನೋಟ. ಮಗು ಯಾವ ಮೆಟ್ಟಿಲಲ್ಲಿದೆ, ಇವತ್ತು ಯಾವ ಕಾರ್ಡ್ ತೆಗೆದುಕೊಳ್ಳಬೇಕು, ಟೀಚರ್ ಜೊತೆ ಕೂರಬೇಕೋ ಗೆಳೆಯರ ಜೊತೆ ಕಲಿಯಬೇಕೋ ಎಲ್ಲ ಅಲ್ಲೇ ತಿಳಿಯುತ್ತಿತ್ತು. ಕರೆಂಟೂ ಬೇಡ, ಪಾಸ್‌ವರ್ಡೂ ಬೇಡ. (ಕಾರ್ಡುಗಳು ಹರಿದು ಕಳೆದುಹೋಗುತ್ತಿದ್ದವು, ಅದು ಬೇರೆ ಮಾತು.) ಮಾಹಿತಿ ಹುಟ್ಟಿದ ಕೋಣೆಯಲ್ಲೇ ಬಳಕೆಗೂ ಬರುತ್ತಿತ್ತು.

ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯದೂ ಇದೇ ಪಾಠ. ದೇಶದ ಗ್ರಾಮೀಣ ಭಾಗದ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 23.4 ಅಂತ 2024ರ ವರದಿ ಹೇಳಿತು. ಆ ಸಂಖ್ಯೆ ಮಂತ್ರಿಗಳಿಗೆ ಬೇಕು. ನನಗೆ ಬೇಕಾದದ್ದು ಅದರ ವಿಧಾನ: ಒಂದೊಂದೇ ಮಗುವನ್ನು ಪಕ್ಕ ಕೂರಿಸಿಕೊಂಡು ಅಕ್ಷರ, ಪದ, ಪ್ಯಾರಾ, ಕಥೆ ಓದಿಸುವುದು. ಐದು ನಿಮಿಷ ಸಾಕು. ಒತ್ತಕ್ಷರ ಬಂದ ಕಡೆ ಯಾರ ನಾಲಿಗೆ ನಿಲ್ಲುತ್ತದೆ ಅಂತ ಗೊತ್ತಾಗಿಬಿಡುತ್ತದೆ.

ಹಾಜರಿ ಪುಸ್ತಕದಲ್ಲೂ ಎಷ್ಟೋ ಇರುತ್ತದೆ. ಮೂರು ತಿಂಗಳ ಹಾಜರಿ ಒಟ್ಟಿಗೆ ನೋಡಿದಾಗ ನಮ್ಮಲ್ಲಿ ಐದಾರು ಮಕ್ಕಳು ಬರೀ ಸೋಮವಾರ ತಪ್ಪಿಸುತ್ತಿದ್ದರು. ಅವತ್ತು ಸಂತೆ, ಅಪ್ಪ ಅಮ್ಮ ವ್ಯಾಪಾರಕ್ಕೆ ಹೋದರೆ ತಂಗಿ ತಮ್ಮನನ್ನು ನೋಡಿಕೊಳ್ಳುವವರು ಬೇಕಲ್ವಾ? ಭಿನ್ನರಾಶಿಯ ಹೊಸ ಪಾಠವನ್ನು ನಾನು ಸೋಮವಾರಗಳಂದೇ ಶುರು ಮಾಡುತ್ತಿದ್ದೆ. ಈಗ ಮಂಗಳವಾರಕ್ಕೆ ಹಾಕಿದ್ದೇನೆ.

ಇನ್ನೊಂದು ವಿಷಯ. ನನ್ನ ಅಕ್ಕನ ಮಗ ಓದುವ ಶಾಲೆಯೊಂದರಲ್ಲಿ 'ಹಿಂದುಳಿದ ಮಕ್ಕಳ ಪಟ್ಟಿ'ಯನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೇ ಹಾಕಿದ್ದರು. ಹುಡುಗ ಎರಡು ದಿನ ಶಾಲೆಗೆ ಹೋಗಲಿಲ್ಲ. 18 ತುಂಬದವರ ಮಾಹಿತಿ ಬಳಸಲು ಸಾಮಾನ್ಯವಾಗಿ ಹೆತ್ತವರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಬಿಡಿ, ಆ ಪಟ್ಟಿ ಟೀಚರ್ ಡೈರಿಯಲ್ಲಿ ಇರಬೇಕಾದದ್ದು.

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಇಷ್ಟು. ಒಟ್ಟು ಅಂಕದ ಜೊತೆ ಯಾವ ಪ್ರಶ್ನೆಗೆ ಮಗು ಏನು ಉತ್ತರ ಬರೆದಿದೆ ಅನ್ನುವುದನ್ನೂ, ಕನಿಷ್ಠ ಗಣಿತಕ್ಕೆ ಮತ್ತು ಕನ್ನಡಕ್ಕೆ, ದಾಖಲಿಸಲು ಬಿಡಿ. ಉತ್ತರ ಪತ್ರಿಕೆಯ ಫೋಟೋ ಹೊಡೆದರೆ ಅದನ್ನು ಓದುವಂಥ ಸಾಫ್ಟ್‌ವೇರ್ ಈಗ ಇದೆ, ಬೆರಳಲ್ಲಿ ಒತ್ತುತ್ತಾ ಕೂರಬೇಕಿಲ್ಲ. ಒಂದೇ ತಪ್ಪು ಮಾಡಿದ ಮಕ್ಕಳ ಹೆಸರು ಒಂದೇ ವಾರದಲ್ಲಿ ನಮ್ಮ ಕೈಗೆ ವಾಪಸ್ ಬರಲಿ. ತಿಂಗಳು ಬಿಟ್ಟು ಬಂದರೆ ಅಷ್ಟರಲ್ಲಿ ನಾವು ಭಾಗಾಕಾರದಲ್ಲಿರುತ್ತೇವೆ.

— ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾಸನ ಜಿಲ್ಲೆ