ಕೆರೆಯ ದಡದಲ್ಲಿ ಮನೆ ಹಿಡಿದ ವಿಚಾರ

ಮಿನಿಯಾಪೊಲಿಸ್
ಶ್ರಾವಣ ಶುಕ್ರವಾರ

ತೀರ್ಥರೂಪರಾದ ತಂದೆಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಅಜ್ಜಿಯ ಮಂಡಿನೋವು ಕಡಿಮೆಯಾಗಿದೆಯೆಂದೂ, ರಾಜುಮಾವನ ತೋಟಕ್ಕೆ ಎರಡನೆಯ ಸಲದ ಕೊಳೆ ಔಷಧಿ ಹೊಡೆದು ಮುಗಿದಿದೆಯೆಂದೂ ಭಾವಿಸುತ್ತೇನೆ.

ನಿಮ್ಮ ಪತ್ರ ಮೊನ್ನೆ ತಲುಪಿತು. ಅದರಲ್ಲಿ ನಾಲ್ಕು ಸಾಲು ಮಾತ್ರ ನಿಮ್ಮದು, ಉಳಿದದ್ದೆಲ್ಲ ಅಮ್ಮ ಪಕ್ಕದಲ್ಲಿ ಕುಳಿತು ಬರೆಸಿದ್ದು ಎಂಬುದು ಓದುತ್ತಿದ್ದಂತೆಯೇ ತಿಳಿಯಿತು. ಗೆಳೆಯರ ಸಂಸಾರಗಳ ಜೊತೆ ಒಂದು ಶನಿವಾರ, ಭಾನುವಾರ ಕಳೆಯಲು ಸರೋವರದ ದಡದಲ್ಲಿ ಮನೆ ಬಾಡಿಗೆಗೆ ಹಿಡಿಯುತ್ತಿದ್ದೇವೆಂದು ಫೋನಿನಲ್ಲಿ ಹೇಳಿದಂದಿನಿಂದ ಅವಳಿಗೆ ನಿದ್ದೆ ಬರುತ್ತಿಲ್ಲ, ಚಿನ್ನುವಿನ ಜಾತಕದಲ್ಲಿ ಹನ್ನೆರಡು ತುಂಬುವವರೆಗೂ ಜಲಗಂಡವಿದೆಯೆಂದು ಜೋಯಿಸರು ಹೇಳಿದ್ದನ್ನು ನಾವು ಮರೆತೇಬಿಟ್ಟಿದ್ದೇವೆ ಎಂದು ಬರೆಸಿದ್ದಾಳೆ. ಮರೆತಿಲ್ಲ. ಮನೆ ಹುಡುಕುವ ಕೆಲಸವನ್ನು ಎಲ್ಲರೂ ಸೇರಿ ನನ್ನ ತಲೆಗೇ ಕಟ್ಟಿದ್ದರಿಂದ, ಪ್ರತಿಯೊಂದು ಮನೆಯನ್ನೂ ಅಮ್ಮನೇ ಎದುರಿಗೆ ನಿಂತು ಪ್ರಶ್ನೆ ಕೇಳುತ್ತಿದ್ದಾಳೆಂದುಕೊಂಡೇ ನೋಡಿದ್ದೇನೆ. ಹೇಗೆಂಬುದನ್ನು ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಅವಳಿಗೆ ನಿಧಾನವಾಗಿ ಓದಿ ಹೇಳಿ.

ಈ ಮಿನ್ನೆಸೋಟ ರಾಜ್ಯದಲ್ಲಿ ಕೆರೆಯಿಂದ ದೂರ ಇರುವುದೇ ಕಷ್ಟದ ಕೆಲಸ. ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ಹತ್ತು ಸಾವಿರ ಸರೋವರಗಳೆಂದು ಬರೆದಿರುತ್ತದೆ. ಹತ್ತು ಎಕರೆಗೆ ಕಡಿಮೆಯಿಲ್ಲದವನ್ನು ಮಾತ್ರ ಎಣಿಸಿದರೂ 11,842 ಇವೆಯಂತೆ, ಅಂದರೆ ಇವರು ತಮ್ಮ ಆಸ್ತಿಯನ್ನು ಕಡಿಮೆ ಮಾಡಿ ಹೇಳಿಕೊಳ್ಳುವ ಜನ. ಮೇ ತಿಂಗಳಲ್ಲಿ ಮೀನು ಹಿಡಿಯುವ ಕಾಲ ಆರಂಭವಾದಾಗ ರಾಜ್ಯದ ಗವರ್ನರರೇ ಗಾಳ ಹಿಡಿದು ದೋಣಿ ಹತ್ತುವ ಪದ್ಧತಿ 1948ರಿಂದ ನಡೆದು ಬಂದಿದೆ. ನಮ್ಮ ರಾಜ್ಯಪಾಲರನ್ನು ಆ ಸ್ಥಿತಿಯಲ್ಲಿ ಒಮ್ಮೆ ಊಹಿಸಿಕೊಳ್ಳಿ. ಚಳಿಗಾಲದಲ್ಲಿ ನೀರು ಕಲ್ಲಾದ ಮೇಲೆ ಅದರ ಮೇಲೆಯೇ ಕಾರು ಓಡಿಸಿಕೊಂಡು ಹೋಗಿ, ತೂತು ಕೊರೆದು ಮೀನು ಹಿಡಿಯುತ್ತಾರೆ. (ಈ ಒಂದು ವಾಕ್ಯವನ್ನು ಅಮ್ಮನಿಗೆ ಓದಿ ಹೇಳದಿದ್ದರೂ ನಡೆಯುತ್ತದೆ.)

ಮೊದಲು ಎಲ್ಲರ ಮನಸ್ಸಿಗೂ ಬಂದದ್ದು ಬ್ರೈನರ್ಡ್ ಊರಿನ ಕಡೆಯ ಒಂದು ಮನೆ. ಚಿತ್ರಗಳಲ್ಲಿ ಎಲ್ಲವೂ ಮರ ಮತ್ತು ಗಾಜು, ಜಗಲಿಯಲ್ಲಿ ಕುಳಿತರೆ ಕಾಲಿನ ಕೆಳಗೇ ಸರೋವರ. ಆದರೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ಸಾವಿರಾರು ಸರೋವರಗಳ ಆಳವನ್ನು ಅಳೆದು, ಗೆರೆ ಎಳೆದು ನಕ್ಷೆ ಮಾಡಿ ಇಟ್ಟಿದ್ದಾರೆ; ಯಾರು ಬೇಕಾದರೂ ಮನೆಯಲ್ಲೇ ಕುಳಿತು ನೋಡಬಹುದು. ಆ ಗೆರೆಗಳು ದಡದ ಹತ್ತಿರ ಒತ್ತೊತ್ತಾಗಿದ್ದರೆ ನಾಲ್ಕು ಹೆಜ್ಜೆಗೇ ಆಳ ಸಿಗುತ್ತದೆಂದು ಅರ್ಥ, ಬಿಡಿಬಿಡಿಯಾಗಿದ್ದರೆ ಬಹಳ ದೂರದವರೆಗೂ ಮೊಣಕಾಲು ನೀರು. ಬ್ರೈನರ್ಡಿನ ಮನೆಯ ಎದುರು ಗೆರೆಗಳು ಒಂದರ ಮೇಲೊಂದು ಬಿದ್ದಂತಿದ್ದವು. ಅಷ್ಟನ್ನು ನೋಡಿದ ಮೇಲೆ ಗಾಜಿನ ಗೋಡೆಯ ಚಂದ ನನಗೆ ಬೇಡವಾಯಿತು, ಗೆಳತಿಯರು ಎಷ್ಟು ಮುಖ ಸಣ್ಣ ಮಾಡಿಕೊಂಡರೂ ಒಪ್ಪಲಿಲ್ಲ.

ಎರಡನೆಯದು ಬಾಡಿಗೆಯಲ್ಲಿ ಅಗ್ಗ, ನೀರೂ ಆಳವಿಲ್ಲ. ಆದರೆ ಆಳವಿಲ್ಲದ, ಗೊಬ್ಬರದ ಅಂಶ ಸೇರಿದ ಕೆರೆಗಳಲ್ಲಿ ಬೇಸಿಗೆಯ ಕೊನೆಗೆ ನೀಲಿ-ಹಸಿರು ಪಾಚಿ ಬೆಳೆದು ನೀರೆಲ್ಲ ಬಣ್ಣ ಕಲಸಿದಂತಾಗುತ್ತದೆ, ಅದು ಹೊಟ್ಟೆಗೆ ಹೋದರೆ ಮಕ್ಕಳಿಗೂ ನಾಯಿಗಳಿಗೂ ವಿಷ. ಅಲ್ಲದೆ ಹನ್ನೆರಡು ಜನ ಮಲಗಬಹುದೆಂಬ ಲೆಕ್ಕದಲ್ಲಿ ಇಬ್ಬರು ಸೋಫಾದ ಮೇಲೆ, ನಾಲ್ವರು ಏಣಿ ಹತ್ತಿ ಅಟ್ಟದ ಮೇಲೆ, ಬಚ್ಚಲು ಮಾತ್ರ ಒಂದೇ. ಅಟ್ಟಕ್ಕೆ ಕಟಕಟೆಯೂ ಇರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ಈಗ ಹಿಡಿದಿರುವುದು ಪಾರ್ಕ್ ರ‍್ಯಾಪಿಡ್ಸ್ ಎಂಬ ಊರಿನ ಸಮೀಪದ್ದು, ಇಲ್ಲಿಂದ ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಹಳೆಯ ಕಾಲದ ರೆಸಾರ್ಟು. ಮಾಲೀಕರಾದ ದಂಪತಿ ಅದೇ ಅಂಗಳದಲ್ಲಿ ವಾಸವಾಗಿದ್ದಾರೆ, ಊರಿನಲ್ಲಿ ಆಸ್ಪತ್ರೆಯೂ ಇದೆ. ಪಕ್ಕಪಕ್ಕದ ಎರಡು ಮರದ ಮನೆಗಳು, ಎದುರಿಗೆ ಮರಳಿನ ದಡ, ನಕ್ಷೆಯಲ್ಲಿ ಗೆರೆಗಳು ಬಹಳ ಬಿಡಿ. ಕೆರೆಯ ಕಡೆಗಿರುವ ಬಾಗಿಲಿನ ಚಿಲಕ ಎಷ್ಟು ಎತ್ತರದಲ್ಲಿದೆ ಎಂದು ನಾನು ಕೇಳಿದಾಗ ಮನೆಯೊಡತಿ ನಗಲಿಲ್ಲ, ತಕ್ಷಣ ಹೋಗಿ ಫೋಟೋ ತೆಗೆದು ಕಳುಹಿಸಿದರು. ಚಿಲಕ ಅವರ ಹೆಗಲಿಗಿಂತ ಮೇಲಿದೆ. ಗಾಜಿನಲ್ಲಿ ಅವರ ನೆರಳೂ ಕೈಯಲ್ಲಿದ್ದ ಕಾಫಿ ಲೋಟವೂ ಕಾಣಿಸುತ್ತವೆ. ಆ ಫೋಟೋವನ್ನು ಪುಟ್ಟಿಯ ಮೊಬೈಲಿಗೆ ಕಳುಹಿಸಿದ್ದೇನೆ, ಅಮ್ಮನಿಗೆ ದೊಡ್ಡದು ಮಾಡಿ ತೋರಿಸಲಿ.

ದೋಣಿ ಇದೆಯೇ ಎಂದು ಕೇಳಿದ್ದೀರಿ. ಇದೆ, ಆದರೆ ಇಲ್ಲಿ ದೋಣಿಯಲ್ಲಿ ಎಷ್ಟು ಜನರೋ ಅಷ್ಟು ಲೈಫ್ ಜಾಕೆಟ್ ಇರಲೇಬೇಕು, ಹತ್ತು ವರ್ಷದೊಳಗಿನ ಮಕ್ಕಳು ದೋಣಿ ಸಾಗುತ್ತಿರುವಾಗ ಅದನ್ನು ತೊಟ್ಟುಕೊಂಡಿರಲೇಬೇಕು, ಇದು ಕಾನೂನು. ನಾವು ಚಿನ್ನುವಿಗೆ ಅಂಗಳಕ್ಕಿಳಿಯುವಾಗಲೇ ತೊಡಿಸುವವರಿದ್ದೇವೆ. ಮಕ್ಕಳು ದಡದಲ್ಲಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಪಾಳಿಯ ಮೇಲೆ ಕಾವಲಿರಬೇಕು, ಪಾಳಿಯಲ್ಲಿರುವವರ ಕೈಯಲ್ಲಿ ಮೊಬೈಲ್ ಇರಕೂಡದು ಎಂದು ನಿಯಮ ಮಾಡಿದ್ದೇನೆ. ಇವರಿಗಂತೂ ಈಜು ಬರುತ್ತದೆ, ನಿಮಗೆ ಗೊತ್ತಿದೆ. ಇಷ್ಟಾಗಿಯೂ ನಾವು ಹೋಗುವುದು ಚೌತಿ ಮುಗಿದ ಮೇಲೆ. ಅಷ್ಟರಲ್ಲಿ ನೀರು ತಣ್ಣಗಾಗಿ, ಪಾದ ಅದ್ದಿದವರೂ ಹಿಂದೆ ಸರಿಯುವಂತಿರುತ್ತದೆ. ಬೇಸಿಗೆಯ ನಡುವೆ ಇಂಥ ಕಡೆಗಳಲ್ಲಿ ಶನಿವಾರದಿಂದ ಶನಿವಾರದವರೆಗೆ ಇಡೀ ವಾರಕ್ಕೇ ಹಿಡಿಯಬೇಕೆನ್ನುತ್ತಾರೆ. ಸೆಪ್ಟೆಂಬರಿನ ಮೊದಲ ಸೋಮವಾರದ ಕಾರ್ಮಿಕ ದಿನ ಕಳೆದರೆ ಎರಡು ರಾತ್ರಿಗೂ ಕೊಡುತ್ತಾರೆ, ಬಾಡಿಗೆಯೂ ಇಳಿಯುತ್ತದೆ, ಸೊಳ್ಳೆಯೂ ಕಡಿಮೆ. ಹಾಗಾಗಿ ಖರ್ಚಿನ ಬಗ್ಗೆ ನೀವು ಬರೆದ ನಾಲ್ಕು ಸಾಲಿಗೂ ಇದೇ ಉತ್ತರ.

ಅಡುಗೆಮನೆಯ ವಿಷಯ ಅಮ್ಮ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೀನು ಸೀಳಿ ತೊಳೆಯಲೆಂದೇ ಅಂಗಳದ ಮೂಲೆಯಲ್ಲಿ ಬೇರೆ ಗುಡಿಸಲು ಕಟ್ಟಿದ್ದಾರೆ, ಒಳಗೆ ಆ ಕೆಲಸ ಮಾಡಬಾರದೆಂದು ಅವರದೇ ನಿಯಮ. ಆದರೂ ನಮ್ಮ ಕುಕ್ಕರ್, ಬಾಣಲೆ, ಒಗ್ಗರಣೆ ಸೌಟು ಎಲ್ಲವನ್ನೂ ಮನೆಯಿಂದಲೇ ಒಯ್ಯುತ್ತೇವೆ.

ನಿಮಗೆ ಸಂತೋಷವಾಗುವ ಸಂಗತಿಯೊಂದಿದೆ. ಅಲ್ಲಿಂದ ಅರ್ಧ ಗಂಟೆ ಹೋದರೆ 1891ರಲ್ಲಿ ಸ್ಥಾಪಿಸಿದ ಇಟಾಸ್ಕಾ ಉದ್ಯಾನ, ಅಂದರೆ ಮಿಸಿಸಿಪ್ಪಿಯ ತಲಕಾವೇರಿ. ಮುಂದೆ ನಾಲ್ಕು ಸಾವಿರ ಕಿಲೋಮೀಟರಿನಷ್ಟು ಹರಿಯುವ ಆ ಮಹಾನದಿಯನ್ನು ಅಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ನೀವು ಬಂದಾಗ ಖಂಡಿತ ಕರೆದೊಯ್ಯುತ್ತೇನೆ. ಚಿನ್ನುವನ್ನು ಅಲ್ಲಿ ಇವರು ಎತ್ತಿಕೊಂಡೇ ದಾಟಿಸುತ್ತಾರೆಂದು ಅಮ್ಮನಿಗೆ ಹೇಳಿ.

ಅಲ್ಲಿಂದ ರಾತ್ರಿ ಫೋನು ಮಾಡುತ್ತೇವೆ. ಆಗ ಹಿನ್ನೆಲೆಯಲ್ಲಿ ಯಾರೋ ಗೋಳಾಡಿದಂತೆ ಕೇಳಿಸಿದರೆ ಗಾಬರಿಯಾಗಬೇಡಿ, ಅದು ಲೂನ್ ಎಂಬ ನೀರುಹಕ್ಕಿಯ ಕೂಗು. ಈ ರಾಜ್ಯದ ಪಕ್ಷಿಯೇ ಅದು.

ಚಿನ್ನುವಿನ ಶಾಲೆಯ ಬಸ್ಸು ಬರುವ ಹೊತ್ತಾಯಿತು, ಪತ್ರ ಇಲ್ಲಿಗೇ ನಿಲ್ಲಿಸುತ್ತೇನೆ. ಅಮ್ಮ ಬೇಕಾದರೆ ಜೋಯಿಸರ ಹತ್ತಿರ ಶಾಂತಿ ಮಾಡಿಸಲಿ, ದುಡ್ಡು ಕಳುಹಿಸುತ್ತೇನೆ, ಆದರೆ ರಾತ್ರಿ ಊಟ ಬಿಡುವುದು ಬೇಡ. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ಅಜ್ಜಿಗೆ ನಮಸ್ಕಾರ, ಪುಟ್ಟಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು